ಲಿಪಾಟ್ಟಿಯ ಕೊನೆಯ ಕಛೇರಿ

ಸಂಗೀತವು ನುಡಿಸಿದ ಗಳಿಗೆಯಲ್ಲಿಯೇ ಹುಟ್ಟಿ, ಆ ಗಳಿಗೆಯಲ್ಲಿಯೇ ಅಡಗಿಹೋಗುವ ಕಲೆ. ಪೋಲೆಂಡಿನ ಮಹಾ ಸಂಗೀತಗಾರನಾದ ಷೋಪ್ಯಾನನು 1849ರಲ್ಲಿ ನಿಧನನಾದನು. ಎಡಿಸನ್ನನ ಫೋನೋಗ್ರಾಫ್ ಬಂದುದು 1877ರಲ್ಲಿ. ಆದುದರಿಂದ ಷೋಪ್ಯಾನನ ಪಿಯಾನೋ ವಾದನವನ್ನು ಇಂದು ಯಾರೂ ಕೇಳಲಾರರು. ಉಳಿದಿರುವುದು ಆತನು ಬರೆದಿಟ್ಟ ಸ್ವರಲಿಪಿ ಮಾತ್ರ. ಅದಕ್ಕೆ ಜೀವ ತುಂಬುವವನು ವಾದಕ. ಆ ಜೀವವನ್ನು ಕಾದಿಡುವುದು ಧ್ವನಿಮುದ್ರಿಕೆ.

ರುಮೇನಿಯಾ ದೇಶದ ಬುಖಾರೆಸ್ಟಿನಲ್ಲಿ 1917ರಲ್ಲಿ ಜನಿಸಿದ ದಿನು ಲಿಪಾಟ್ಟಿ ಅಂತಹ ವಾದಕರಲ್ಲೊಬ್ಬನು. ಹಾಡ್ಜ್‌ಕಿನ್ಸ್ ಎಂಬ ಮಾರಕ ರೋಗವು ಯೌವನದಲ್ಲಿಯೇ ಆತನನ್ನು ಆವರಿಸಿತು. 1950ರ ಬೇಸಗೆಯಲ್ಲಿ ಕಾರ್ಟಿಸೋನ್ ಔಷಧದಿಂದ ಕೆಲಕಾಲ ಚೇತರಿಸಿಕೊಂಡನು. ದೊರೆತ ಬಿಡುವನ್ನು ವ್ಯರ್ಥಗೊಳಿಸದೆ, ಜುಲೈ ತಿಂಗಳಿನಲ್ಲಿ ಜಿನೀವಾದಲ್ಲಿ ಷೋಪ್ಯಾನನ 14 ವಾಲ್ಟ್ಸ್ ಕೃತಿಗಳನ್ನು ನುಡಿಸಿ ಮುದ್ರಿಸಿದನು.

ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋನ್ ನಗರದಲ್ಲಿ ಆತನ ಕಛೇರಿ ಏರ್ಪಾಡಾಗಿತ್ತು. ಅಷ್ಟರಲ್ಲಿ ರೋಗವು ಮತ್ತೆ ಉಲ್ಬಣಿಸಿತ್ತು. ವೈದ್ಯರು ಬೇಡವೆಂದರೂ, ಕೊಟ್ಟ ಮಾತಿಗೆ ತಪ್ಪಲಾರದೆ ಲಿಪಾಟ್ಟಿ ವೇದಿಕೆಯನ್ನೇರಿದನು. ಬಾಕ್, ಮೊಜಾರ್ಟ್, ಷೂಬರ್ಟರ ಕೃತಿಗಳಾದ ಮೇಲೆ ಅದೇ ವಾಲ್ಟ್ಸ್‌ಗಳು ಆರಂಭವಾದವು. 13 ಮುಗಿದವು, ಹದಿನಾಲ್ಕನೆಯದಕ್ಕೆ ಶಕ್ತಿಯಿರಲಿಲ್ಲ. ಅದರ ಬದಲು ಬಾಕನ ಒಂದು ಶಾಂತ ಪ್ರಾರ್ಥನಾಗೀತೆಯನ್ನು ನುಡಿಸಿ ಆತನು ಎದ್ದನು. ಡಿಸೆಂಬರ್ 2ರಂದು ತನ್ನ 33ನೆಯ ವಯಸ್ಸಿನಲ್ಲಿ ಕಾಲವಾದನು.

ಆ ಸಂಜೆಯ ವಾದನವನ್ನು ಬಾನುಲಿಯವರು ಮುದ್ರಿಸಿಕೊಂಡಿದ್ದರು. ಜಿನೀವಾದ ಮುದ್ರಿಕೆಯಲ್ಲಿ 14 ಕೃತಿಗಳಿವೆ, ಬೆಸಾನ್ಸೋನಿನದರಲ್ಲಿ 13. ಸಂಖ್ಯೆಯಲ್ಲಿ ಒಂದು ಕಡಿಮೆಯಾದರೂ ನಾದದ ಶುದ್ಧಿಯಲ್ಲಿ ಕೊರತೆಯಿಲ್ಲ. ದೇಹವು ಸೋತಾಗಲೂ ಕಲೆಯು ಸೋಲಲಿಲ್ಲವೆಂಬುದಕ್ಕೆ ಆ ಮುದ್ರಿಕೆಯೇ ಸಾಕ್ಷಿ.