ಎರೆಭೂಮಿಯಲ್ಲಿ ಹೊಸ ಮನೆ: ಪಾಯದ ಆಯ್ಕೆ

ವಿಜಯಪುರ ಜಿಲ್ಲೆಯ ಬಹುಭಾಗವನ್ನು ಬಸಾಲ್ಟ್ ಶಿಲೆ ಸವೆದು ಉಂಟಾದ ಎರೆಮಣ್ಣು ಆವರಿಸಿದೆ. ಡೋಣಿ ನದಿಯ ಬಯಲಿನಲ್ಲಿ ಈ ಮಣ್ಣು ಬಹಳ ಆಳಕ್ಕೆ ಇಳಿದಿದ್ದರೆ, ದಿಬ್ಬದ ಮೇಲಿನ ನೆಲದಲ್ಲಿ ಎರಡು ಮೂರು ಅಡಿಗಳಿಗೇ ಗರಸು ಸಿಗುವುದುಂಟು. ಬಿಳಿಜೋಳ, ಕಡಲೆಗಳಿಗೆ ಒಲಿದ ನೆಲ ಗೋಡೆಗಳಿಗೆ ಒಲಿಯುವುದಿಲ್ಲ. ಆದರೂ ಗ್ರಾಮಗಳಲ್ಲಿ ಪಾಯದ ವಿಧವನ್ನು ನಿರ್ಧರಿಸುವುದು ಹೆಚ್ಚಾಗಿ ನೆರೆಮನೆಯ ಮಾದರಿ, ಇಲ್ಲವೆ ಗೌಂಡಿಯ ರೂಢಿ. ನಿರ್ಧರಿಸಬೇಕಾದುದು ನಿವೇಶನದ ಮಣ್ಣು ಮತ್ತು ಅದರ ಆಳ.

ಎರೆಮಣ್ಣಿನಲ್ಲಿರುವ ಸೂಕ್ಷ್ಮ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಣುವ ಬಿರುಕುಗಳು ಇದರ ಸಾಕ್ಷಿ. ಮಳೆ ಬಂದಾಗ ಮನೆಯ ಹೊರ ಅಂಚಿನ ಮಣ್ಣು ಮೊದಲು ನೆನೆದು ಮೇಲೇರುತ್ತದೆ. ಬೇಸಿಗೆಯಲ್ಲಿ ಅದೇ ಅಂಚು ಮೊದಲು ಒಣಗಿ ಕೆಳಗಿಳಿಯುತ್ತದೆ. ನೆಲಹಾಸಿನ ಅಡಿಯಲ್ಲಿ ತೇವ ಆರಿಹೋಗಲು ದಾರಿಯಿಲ್ಲದ ಕಾರಣ ಮನೆಯ ನಡುಭಾಗ ವರ್ಷಗಳು ಕಳೆದಂತೆ ನಿಧಾನವಾಗಿ ಉಬ್ಬುತ್ತದೆ. ಹೀಗೆ ಒಂದೇ ಪಾಯದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿದಾಡುತ್ತವೆ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಸಾಗುವ ಸೀಳು, ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು ಇದರ ಲಕ್ಷಣಗಳು. ಇಂತಹ ಸೀಳಿಗೆ ಸಿಮೆಂಟ್ ಮೆತ್ತಿದರೆ ಮುಂದಿನ ಬೇಸಿಗೆಗೆ ಅದು ಮತ್ತೆ ತೆರೆದುಕೊಳ್ಳುತ್ತದೆ.

ಸಣ್ಣ ಮನೆಗೆ ದೊಡ್ಡ ಪಾಯ ಬೇಕಿಲ್ಲವೆಂಬ ನಂಬಿಕೆ ಎರೆಭೂಮಿಯಲ್ಲಿ ತಲೆಕೆಳಗಾಗುತ್ತದೆ. ಉಬ್ಬುವ ಮಣ್ಣಿನ ಒತ್ತಡವನ್ನು ಎದುರಿಸುವಷ್ಟು ಭಾರ ಒಂದು ಅಂತಸ್ತಿನ ಮನೆಗೆ ಇರುವುದಿಲ್ಲ; ಮಣ್ಣು ಅದನ್ನು ಸುಲಭವಾಗಿ ಎತ್ತುತ್ತದೆ. ವಸತಿ ಯೋಜನೆಗಳ ಫಲಾನುಭವಿಗಳು ಕಟ್ಟಿಸುವುದು ಇಂತಹ ಹಗುರ ಮನೆಗಳನ್ನೇ ಆದುದರಿಂದ ಈ ವಿಷಯ ಅವರಿಗೆ ಹೆಚ್ಚು ಅನ್ವಯಿಸುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಮಾಳಿಗೆಯ ಭಾರವನ್ನು ಕಟ್ಟಿಗೆಯ ಕಂಬ ಮತ್ತು ತೊಲೆಗಳು ಹೊರುತ್ತಿದ್ದವು. ನೆಲ ತುಸು ಸರಿದರೂ ಅವು ತಾಳಿಕೊಳ್ಳುತ್ತಿದ್ದವು. ಸಿಮೆಂಟ್ ಗೋಡೆ ಮತ್ತು ಕಾಂಕ್ರೀಟ್ ಚಾವಣಿಗೆ ಆ ಬಾಗುವ ಗುಣವಿಲ್ಲ. ಇದರ ಜೊತೆಗೆ ಅನೇಕ ಹೊಸ ನಿವೇಶನಗಳು ಗಾವಠಾಣದ ಗಟ್ಟಿ ನೆಲ ಬಿಟ್ಟು ಹೊಲದ ಕಡೆಗೆ ಸರಿದಿವೆ.

ಆದುದರಿಂದ ಮೊದಲ ಕೆಲಸ ಎರೆಯ ಆಳವನ್ನು ತಿಳಿಯುವುದು. ಸಮೀಪದಲ್ಲಿ ಕಟ್ಟಡವಿಲ್ಲದ ತೆರೆದ ಬಾವಿ ಅಥವಾ ಕೃಷಿ ಹೊಂಡ ಇದ್ದರೆ ಅದರ ಮಗ್ಗುಲಲ್ಲಿ ಮಣ್ಣಿನ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಇದಕ್ಕೆ ಖರ್ಚೇ ಇಲ್ಲ. ಇಲ್ಲದಿದ್ದಲ್ಲಿ ನಿವೇಶನದಲ್ಲಿಯೇ ಒಂದು ಗುಂಡಿ ತೋಡಿಸತಕ್ಕದ್ದು. ಮಣ್ಣು ಎಷ್ಟು ಉಬ್ಬುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಸರಳ ಪರೀಕ್ಷೆಯಿಂದ ಅಳೆಯುತ್ತಾರೆ. ಒಣಗಿಸಿ ಜರಡಿ ಹಿಡಿದ ತಲಾ 10 ಗ್ರಾಂ ಮಣ್ಣನ್ನು ಎರಡು ಅಳತೆಯ ಗಾಜಿನ ಪಾತ್ರೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ ಮಣ್ಣು 12 ಮಿ.ಲೀ. ಮಟ್ಟದಲ್ಲಿದ್ದು ನೀರಿನಲ್ಲಿ 21 ಮಿ.ಲೀ.ಗೆ ಏರಿದ್ದರೆ ಉಬ್ಬರ ಶೇ. 75 ಎಂದರ್ಥ. ಶೇ. 50ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, ಶೇ. 100 ಮೀರಿದರೆ ಸಾಧಾರಣ ಪಾಯವನ್ನು ನೆಚ್ಚುವಂತಿಲ್ಲ.

ನಾಲ್ಕೈದು ಅಡಿಗಳೊಳಗೆ ಗರಸು ಅಥವಾ ಬಂಡೆ ಸಿಕ್ಕರೆ ಆಯ್ಕೆ ಸುಲಭ. ಎರೆಯನ್ನು ಪೂರ್ತಿ ತೆಗೆದು, ಗಟ್ಟಿ ಪದರದ ಮೇಲೆ ಬೆಡ್ ಕಾಂಕ್ರೀಟ್ ಹಾಕಿ ಸೈಜುಗಲ್ಲಿನ ಪಾಯ ಕಟ್ಟಿ, ಮೇಲೆ ಸರಳಿನ ಪ್ಲಿಂತ್ ಬೀಮ್ ಕೊಟ್ಟರೆ ಸಾಕು. ಅಗೆದ ಎರೆಯನ್ನೇ ಪಾಯದ ಮಗ್ಗುಲಿಗೂ ಕೋಣೆಗಳ ನೆಲಕ್ಕೂ ಮರಳಿ ತುಂಬುವ ರೂಢಿಯನ್ನು ಮಾತ್ರ ಬಿಡಬೇಕು. ಬರೀ ಮರಳು ತುಂಬಿದರೆ ಅದು ನೀರಿಗೆ ದಾರಿ ಮಾಡಿಕೊಡುತ್ತದೆ. ಗರಸನ್ನು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡುವುದೇ ಸರಿ.

ಎರೆ ಆಳವಾಗಿದ್ದಲ್ಲಿ ಇನ್ನೊಂದು ಅಡಿ ಹೆಚ್ಚು ತೋಡಿದರಾಯಿತು ಎಂಬ ಸಲಹೆ ಪ್ರಯೋಜನಕ್ಕೆ ಬರುವುದಿಲ್ಲ. ಋತುವಿನೊಡನೆ ತೇವ ಬದಲಾಗುವ ಪದರ ಸುಮಾರು 3.5 ಮೀಟರಿನವರೆಗೆ ಇಳಿಯಬಹುದು. ಐದಡಿಯ ಕಲ್ಲಿನ ಪಾಯ ಆ ಸರಿದಾಡುವ ಪದರದೊಳಗೇ ಕುಳಿತಿರುತ್ತದೆ. ಕಲ್ಲು ಮಾತ್ರ ಹೆಚ್ಚು ಖರ್ಚಾಗುತ್ತದೆ. ಇಂತಹ ನೆಲಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಅಂಡರ್‌ರೀಮ್ಡ್ ಪೈಲ್ ಪದ್ಧತಿಯನ್ನು ರೂಪಿಸಿದೆ. ಕೈಯಿಂದ ತಿರುಗಿಸುವ ಬೈರಿಗೆಯಿಂದ ಸುಮಾರು 3.5 ಮೀಟರ್ ಆಳದ ರಂಧ್ರ ಕೊರೆದು, ಅದರ ಬುಡವನ್ನು ಗಡ್ಡೆಯ ಆಕಾರದಲ್ಲಿ ಅಗಲಿಸಿ, ಸರಳು ಇಳಿಸಿ ಕಾಂಕ್ರೀಟ್ ತುಂಬಲಾಗುತ್ತದೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು, 25 ಸೆಂ.ಮೀ. ಕಂಬಕ್ಕೆ ಸುಮಾರು 62 ಸೆಂ.ಮೀ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಮೇಲಕ್ಕೆಳೆದಾಗ ತೇವ ಬದಲಾಗದ ಪದರದಲ್ಲಿ ಕುಳಿತ ಗಡ್ಡೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಆ ಎಳೆತವನ್ನು ತಾಳಲು ಸರಳು ಕಂಬದ ಪೂರ್ತಿ ಉದ್ದಕ್ಕೂ ಇರಲೇಬೇಕು. ಮೇಲ್ಭಾಗಕ್ಕಷ್ಟೇ ಸರಳು ಕೊಟ್ಟು ಉಳಿಸುವ ಹಣ ಉಳಿತಾಯವಲ್ಲ.

ಈ ಕಂಬಗಳನ್ನು ಮನೆಯ ಮೂಲೆಗಳಲ್ಲಿ, ಗೋಡೆಗಳು ಕೂಡುವಲ್ಲಿ ಮತ್ತು ನಡುವೆ ಹೆಚ್ಚು ಅಂತರ ಬೀಳದಂತೆ ಇರಿಸಿ, ಅವುಗಳ ಮೇಲೆ ಬೀಮ್ ಹಾಸಿ ಗೋಡೆ ಎಬ್ಬಿಸಲಾಗುತ್ತದೆ. ಬೀಮಿನ ಅಡಿಗೂ ನೆಲಕ್ಕೂ ನಡುವೆ ಕನಿಷ್ಠ 80 ಮಿ.ಮೀ. ಖಾಲಿ ಜಾಗ ಉಳಿಯಬೇಕೆಂಬುದು ಭಾರತೀಯ ಮಾನಕ 2911ರ ಮೂರನೆಯ ಭಾಗದ ಸೂಚನೆ. ಕೆಲಸದ ಸ್ಥಳದಲ್ಲಿ ಹೆಚ್ಚು ತಪ್ಪುವುದು ಇಲ್ಲಿಯೇ. ಬೀಮಿನಡಿಯ ಸಂದು ಅಪೂರ್ಣ ಕೆಲಸದಂತೆ ಕಾಣುವುದರಿಂದ ಅದನ್ನು ಮಣ್ಣಿನಿಂದ ಮುಚ್ಚಿಬಿಡುತ್ತಾರೆ. ಆಗ ಉಬ್ಬಿದ ಮಣ್ಣು ನೇರವಾಗಿ ಬೀಮನ್ನೇ ಎತ್ತುತ್ತದೆ; ಕಂಬಗಳಿಗೆ ಮಾಡಿದ ವೆಚ್ಚ ವ್ಯರ್ಥವಾಗುತ್ತದೆ.

ಎರೆಯ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ, ಉಬ್ಬದ ಆದರೆ ಅಂಟುಗುಣವುಳ್ಳ ಗರಸಿನ ಪದರ ಹಾಸುವ ಇನ್ನೊಂದು ಉಪಾಯವಿದೆ. ಬೊಂಬಾಯಿಯ ಐ.ಐ.ಟಿ.ಯ ಡಾ. ಆರ್. ಕೆ. ಕಟ್ಟಿ ಅವರು ಇದನ್ನು ಅಭ್ಯಾಸ ಮಾಡಿ ಬಳಕೆಗೆ ತಂದರು. ಕೋಣೆಗಳ ನೆಲಹಾಸು ಏಳದಂತೆ ತಡೆಯಲು ಇದು ಒಳ್ಳೆಯದು. ಆದರೆ ಪದರವು ಮನೆಯ ಹೊರಗೂ ಸಾಕಷ್ಟು ಚಾಚಿರಬೇಕಾದುದರಿಂದ ಇಕ್ಕಟ್ಟಾದ ನಿವೇಶನಕ್ಕೆ ಹೊಂದುವುದು ಕಷ್ಟ.

ಯಾವ ಪಾಯವಾದರೂ ಸುತ್ತಲಿನ ನೀರನ್ನು ದೂರವಿಡದಿದ್ದರೆ ನಿಲ್ಲದು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದೆ ದೂರದ ಇಂಗುಗುಂಡಿಗೆ ಹರಿಯಬೇಕು. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಹಾಸು ಇರಬೇಕು. ಬೇವಿನಂತಹ ದೊಡ್ಡ ಮರಗಳು ಬೇಸಿಗೆಯಲ್ಲಿ ಆಳದ ತೇವವನ್ನೂ ಹೀರುವುದರಿಂದ ಗೋಡೆಗೆ ತಾಗಿ ನೆಡಬಾರದು.

ವಸತಿ ಯೋಜನೆಗಳ ಸಹಾಯಧನವು ಕಾಮಗಾರಿಯ ಹಂತಗಳನ್ನು ಅನುಸರಿಸಿ ಬಿಡುಗಡೆಯಾಗುವುದರಿಂದ ತಳಪಾಯದ ಹಂತವನ್ನು ಬೇಗ ತೋರಿಸುವ ಆತುರ ಸಹಜ. ಆದರೆ ಛಾಯಾಚಿತ್ರದಲ್ಲಿ ಒಳ್ಳೆಯ ಪಾಯವೂ ಕೆಟ್ಟ ಪಾಯವೂ ಒಂದೇ ರೀತಿ ಕಾಣುತ್ತವೆ. ಆದಕಾರಣ ಎರೆ ನಿವೇಶನದಲ್ಲಿ ಮನೆ ಕಟ್ಟಿಸುವವರು ಗುದ್ದಲಿ ಪೂಜೆಗೆ ಮೊದಲೇ ಗ್ರಾಮ ಪಂಚಾಯಿತಿಯ ಮೂಲಕ ತಾಲ್ಲೂಕಿನ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಅಭಿಯಂತರರನ್ನು ಸಂಪರ್ಕಿಸಿ, ತೆರೆದ ಗುಂಡಿಯನ್ನು ತೋರಿಸಿ, ಪಾಯದ ವಿಧ, ಆಳ ಮತ್ತು ಸರಳಿನ ಅಳತೆಗಳನ್ನು ಬರಹದಲ್ಲಿ ಪಡೆದು ಗೌಂಡಿಯ ಕೈಗೆ ಕೊಡತಕ್ಕದ್ದು.