ಕೊನೆಯ ಕಂತಿನ ಮರುತಿಂಗಳು

ಗದಗ

ಚಿ. ಸೌ. ಮಗಳಿಗೆ,

  

ಬೆಂಗಳೂರಿನ ಮನೆಯ ಸಾಲ ತೀರಿತೆಂಬ ಸುದ್ದಿಯನ್ನು ನಿಮ್ಮಪ್ಪ ಹೇಳಿದ. ನಿನ್ನ ದೊಡ್ಡವ್ವ ಆ ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇಪ್ಪತ್ತು ವರ್ಷಕ್ಕೆಂದು ತೆಗೆದ ಸಾಲವನ್ನು, ಬೋನಸ್ಸು ಬಂದಾಗಲೆಲ್ಲ ಅಸಲಿಗೆ ಹಾಕುತ್ತ, ಅವಧಿಗಿಂತ ಎಷ್ಟೋ ಮೊದಲೇ ಮುಗಿಸಿದಿರಿ. ಇದು ಸಣ್ಣ ಸಾಧನೆಯಲ್ಲ. ನಿನ್ನ ಬಗ್ಗೆ, ಅಳಿಯಂದಿರ ಬಗ್ಗೆ ನನಗೆ ಹೆಮ್ಮೆ ಇದೆ.

ಸಹಕಾರಿ ಸಂಘದ ಕಾರ್ಯದರ್ಶಿಯಾಗಿ ನೌಕರಿಯ ಕಾಲವನ್ನೆಲ್ಲ ಸಾಲದ ಲೆಡ್ಜರಿನ ಮುಂದೆ ಕಳೆದವನು ನಾನು. ಅಲ್ಲಿ ಕೂತು ಕಂಡದ್ದನ್ನು ನಿನಗೆ ಹೇಳಬೇಕೆನಿಸಿತು. ಸಾಲ ಇರುವಾಗ ಮನೆ ಎಚ್ಚರದಲ್ಲಿರುತ್ತದೆ, ಒಂದನೇ ತಾರೀಖು ಬಂತೆಂದರೆ ಮೈಯೆಲ್ಲ ಕಣ್ಣಾಗಿರುತ್ತದೆ. ಸಾಲ ತೀರಿದ ಮರುತಿಂಗಳು ಆ ಎಚ್ಚರ ಜಾರುತ್ತದೆ. ಕೈಯಲ್ಲಿ ಉಳಿದ ದುಡ್ಡಿಗೆ ಹೆಸರಿರುವುದಿಲ್ಲ. ಹೆಸರಿಲ್ಲದ ದುಡ್ಡಿಗೆ ಹತ್ತು ಜನ ಹಕ್ಕುದಾರರು. ಒಂದು ಸಾಲ ತೀರಿಸಿದ ವರ್ಷವೇ ಅದಕ್ಕಿಂತ ದೊಡ್ಡ ಸಾಲದ ಅರ್ಜಿ ಹಿಡಿದು ಬಂದವರನ್ನು ಬಹಳ ನೋಡಿದ್ದೇನೆ. ಆದ್ದರಿಂದ ನಾನು ಹೇಳುವುದು ಇಷ್ಟೇ: ಕಂತು ನಿಂತಿದೆ, ಕಂತಿನ ಶಿಸ್ತು ನಿಲ್ಲದಿರಲಿ.

ಮೊದಲು ಕಾಗದಪತ್ರದ ಕೆಲಸ ಮುಗಿಸು. ಬ್ಯಾಂಕಿನಿಂದ ಬೇಬಾಕಿ ಪತ್ರ ತಗೊಂಡು ಅದರಲ್ಲಿ ಸಾಲದ ಖಾತೆ ನಂಬರು, ಮುಕ್ತಾಯದ ದಿನ, ಬಾಕಿ ಏನೂ ಇಲ್ಲವೆಂಬ ಮಾತು ಸರಿಯಾಗಿವೆಯೇ ನೋಡು. ಸಾಲ ತೆಗೆಯುವಾಗ ಒಪ್ಪಿಸಿದ ಕ್ರಯಪತ್ರ, ಹಿಂದಿನ ಮಾಲೀಕರ ಮೂಲಪತ್ರ, ಮಂಜೂರಾದ ನಕ್ಷೆ, ಇವುಗಳ ಪಟ್ಟಿ ನಿನ್ನ ಹತ್ತಿರ ಇರಬೇಕು. ಪಟ್ಟಿ ಹಿಡಿದು ಒಂದೊಂದೇ ಹಾಳೆ ತಾಳೆ ನೋಡಿ ಸಹಿ ಮಾಡು. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ ಆದೇಶದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ಆಸ್ತಿಯ ಮೇಲೆ ದಾಖಲಾದ ಹಕ್ಕನ್ನೂ ತೆಗೆಸಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಇದು ನಿನ್ನ ಹಕ್ಕು, ಕೇಳಲು ಸಂಕೋಚ ಬೇಡ.

ನಮ್ಮ ಕಡೆ ರೈತರು ಸಾಲ ತೀರಿಸಿದ ಮೇಲೆ ಹೊಲದ ಉತಾರದಲ್ಲಿ ದಾಖಲಾದ ಸಾಲದ ಬೋಜಾ ತೆಗೆಸುವುದನ್ನು ಮರೆತುಬಿಡುತ್ತಾರೆ. ಹತ್ತು ವರ್ಷದ ಮೇಲೆ ಹೊಲ ಪಾಲು ಮಾಡುವಾಗ ಆ ಹಳೆಯ ಬೋಜಾ ಎದುರಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಕಾರ್ಯದರ್ಶಿ ಬದಲಾಗಿರುತ್ತಾನೆ, ರಸೀದಿ ಕಳೆದಿರುತ್ತದೆ. ನಗರದ ಮನೆಗೂ ಇದೇ ಮಾತು. ನಿನ್ನ ಸಾಲದ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ, ಸಾಲ ತೀರಿತೆಂಬ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ಆಮೇಲೆ ಕಾವೇರಿ ಪೋರ್ಟಲಿನಲ್ಲಿ ಹೊಸ ಋಣಭಾರ ಪತ್ರ (ಇ.ಸಿ.) ತೆಗೆದು, ಸಾಲದ ನಮೂದಿನ ಜೊತೆ ಬಿಡುಗಡೆಯ ನಮೂದೂ ಬಂದಿದೆಯೇ ನೋಡು. ಸಿಬಿಲ್ ವರದಿಯಲ್ಲಿ ಆ ಖಾತೆ ‘ಮುಕ್ತಾಯ’ ಎಂದು ಬರಬೇಕು. ಖಾತೆಯಿಂದ ಕಂತು ಕಡಿಯಲು ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿಸಿ, ಮುಂಗಡ ಚೆಕ್ಕು ಉಳಿದಿದ್ದರೆ ವಾಪಸು ತಗೋ. ಅಳಿಯಂದಿರು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಸಿಗುತ್ತಿದ್ದ ವಿನಾಯಿತಿ ಇನ್ನು ಇರುವುದಿಲ್ಲ. ಯಾವ ಪದ್ಧತಿ ಲಾಭವೆಂದು ಮತ್ತೆ ಲೆಕ್ಕ ಹಾಕಿಸಲಿ.

ಇನ್ನು ದುಡ್ಡಿನ ವಿಚಾರ. ನಿಮ್ಮ ಕಂತು ತಿಂಗಳಿಗೆ 32,000 ಇತ್ತು. ಇಷ್ಟು ವರ್ಷ ಆ ದುಡ್ಡಿಲ್ಲದೆ ನಿಮ್ಮ ಮನೆ ನಡೆದಿದೆ, ಇನ್ನೊಂದೆರಡು ವರ್ಷವೂ ನಡೆಯುತ್ತದೆ. ಸಂಬಳ ಬಂದ ದಿನವೇ ಅಷ್ಟೂ ಹಣ ಬೇರೊಂದು ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಡು. ಮೊದಲ ತಿಂಗಳ ಕಂತನ್ನು ಮಾತ್ರ ನಿಮ್ಮ ಸಂತೋಷಕ್ಕೆ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಬನ್ನಿ, ದಾರಿಯಲ್ಲಿ ನಮ್ಮ ಮನೆಗೂ ಬನ್ನಿ. ಕಷ್ಟಪಟ್ಟವರಿಗೆ ಒಂದಿಷ್ಟು ಸಂಭ್ರಮ ಸಲ್ಲಬೇಕು. ಎರಡನೇ ತಿಂಗಳಿನಿಂದ ಕಂತು ಶುರುವಾಗಲಿ.

ಆ ಕಂತು ಮೊದಲು ಹೋಗಬೇಕಾದದ್ದು ಮನೆತನದ ಸಾಲಗಳಿಗೆ. ಈ ಮಾತು ಬರೆಯಲು ನನಗೆ ಸುಲಭವಿಲ್ಲ, ಆದರೂ ಬರೆಯಬೇಕು. ನಿಮ್ಮಪ್ಪ ಆಪರೇಶನ್ನಿನ ಕಾಲಕ್ಕೆ ಒಂದು ಲಕ್ಷ ಕೈಸಾಲ ತಂದಿದ್ದಾನೆ, ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಅದೇ ಕಾಲಕ್ಕೆ ನಿಮ್ಮವ್ವನ ಪಾಟಲಿ, ಬಿಲ್ವಾರ ಒಂದೂವರೆ ಲಕ್ಷಕ್ಕೆ ಬ್ಯಾಂಕಿನಲ್ಲಿ ಅಡವಿಗೆ ಹೋಗಿವೆ, ವರ್ಷಕ್ಕೆ ಶೇ. 10ರ ಹಾಗೆ ಬಡ್ಡಿ. ನಿನ್ನ ತಮ್ಮನ ಕ್ರೆಡಿಟ್ ಕಾರ್ಡಿನಲ್ಲಿ ಅರವತ್ತು ಸಾವಿರ ಬಾಕಿ. ನಿಮ್ಮವ್ವ ವಾರದ ಕಂತಿನ ಸಂಘದ ಸಾಲ ತೆಗೆದಿದ್ದಾಳೆ, ನಲವತ್ತು ಸಾವಿರ ಉಳಿದಿದೆ. ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆಪರೇಶನ್ನಿನ ರಾತ್ರಿ ಪಕ್ಕದ ಮನೆಯವರು ಪತ್ರ, ಬಡ್ಡಿ ಯಾವುದೂ ಇಲ್ಲದೆ ಇಪ್ಪತ್ತು ಸಾವಿರ ಕೊಟ್ಟಿದ್ದರು. ಇಷ್ಟಲ್ಲದೆ ಸೊಸೈಟಿಯ ಬೆಳೆಸಾಲ ಬೇರೆ.

ಇಂಥ ಪಟ್ಟಿ ನಮ್ಮ ಕಡೆಯ ಬಹಳ ಮನೆಗಳಲ್ಲಿದೆ. ಆದರೆ ಅದು ಒಂದೇ ಹಾಳೆಯ ಮೇಲೆ ಇರುವುದಿಲ್ಲ. ಅಪ್ಪನ ಸಾಲ ಮಗನಿಗೆ ಗೊತ್ತಿಲ್ಲ, ಮಗನ ಕಾರ್ಡು ಅಪ್ಪನಿಗೆ ಗೊತ್ತಿಲ್ಲ, ಅವ್ವನ ಸಂಘದ ಸಾಲ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ, ತೀರಿಸುವ ಸರದಿಯನ್ನು ಲೆಕ್ಕದ ಬದಲು ಮರ್ಯಾದೆ ನಿರ್ಧರಿಸುತ್ತದೆ. ಯಾರು ಬಾಗಿಲಿಗೆ ಬಂದು ಜೋರು ಮಾಡುತ್ತಾರೋ ಅವರಿಗೆ ಮೊದಲು ದುಡ್ಡು; ಸದ್ದಿಲ್ಲದೆ ಬೆಳೆಯುವ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಊರಿಗೆ ಬಂದಾಗ ಎಲ್ಲರನ್ನೂ ಕೂರಿಸಿ ಒಂದು ಹಾಳೆಯಲ್ಲಿ ಬರೆಯಿರಿ: ಯಾರಿಗೆ ಕೊಡಬೇಕು, ಎಷ್ಟು, ಯಾವ ಬಡ್ಡಿ, ಯಾವ ಗಡುವು. ಏಕೆ ತೆಗೆದಿರಿ ಎಂದು ಆ ದಿನ ಯಾರನ್ನೂ ಕೇಳಬೇಡ, ಮಗಳೇ. ಆ ಪ್ರಶ್ನೆ ಕೇಳಿದರೆ ಪಟ್ಟಿಯ ಅರ್ಧ ಸಾಲ ಮತ್ತೆ ಬಚ್ಚಿಟ್ಟುಕೊಳ್ಳುತ್ತದೆ.

ಸರದಿ ಹೀಗಿರಲಿ. ಪಕ್ಕದ ಮನೆಯವರ ಇಪ್ಪತ್ತು ಸಾವಿರಕ್ಕೆ ಬಡ್ಡಿ ಇಲ್ಲ, ಆದರೂ ಅದೇ ಮೊದಲು. ಕಷ್ಟದ ರಾತ್ರಿ ಕೈಹಿಡಿದವರು ಕೇಳುವ ಮೊದಲೇ ಕೊಡುವುದು ನಮ್ಮ ಮನೆಯ ರೀತಿ. ಅದಾದ ಮೇಲೆ ಭಾವನೆ ಬಿಟ್ಟು ಬಡ್ಡಿಯ ದರ ನೋಡು. ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ. 3.5ರಂತೆ ಬೀಳುತ್ತಿದೆ, ಅಂದರೆ ತಿಂಗಳಿಗೆ 2,100 ಸುಮ್ಮನೆ ಹೋಗುತ್ತಿದೆ. ಅದು ಮುಗಿಯಲಿ. ಆಮೇಲೆ ನಿಮ್ಮಪ್ಪನ ಕೈಸಾಲ. ನೂರಕ್ಕೆ ಮೂರು ಎಂದರೆ ಕಿವಿಗೆ ಹಗುರ, ವರ್ಷಕ್ಕೆ 36,000. ಮೂರು ವರ್ಷದೊಳಗೆ ಬಡ್ಡಿಯೇ ಅಸಲನ್ನು ಮೀರುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಇಂಥ ದುಬಾರಿ ಬಡ್ಡಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 2004ರಿಂದ ಇದೆ, ಆದರೂ ಊರಿನಲ್ಲಿ ಅಂಥ ಬಡ್ಡಿ ನಡೆಯುತ್ತಲೇ ಇದೆ. ಹಣ ಕೊಡುವಾಗ ಬ್ಯಾಂಕಿನ ಮೂಲಕವೇ ಕೊಡಿ. ಬರೆದುಕೊಟ್ಟ ಪತ್ರ, ಖಾಲಿ ಚೆಕ್ಕು ಏನಿದ್ದರೂ ಅದೇ ದಿನ ವಾಪಸು ತಗೊಳ್ಳಿ. ಅದರ ನಂತರ ನಿಮ್ಮವ್ವನ ಸಂಘದ ಸಾಲ. ಅಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದ ಹೆಂಗಸರ ಮೇಲೆ ಒತ್ತಡ ಬೀಳುತ್ತದೆ, ಅದಕ್ಕೇ ಅವಳು ಪ್ರತಿ ವಾರ ಅಂಜುತ್ತಾಳೆ.

ನಿಮ್ಮವ್ವನ ಬರಿಗೈ ನೋಡಿ ಒಡವೆಯನ್ನೇ ಮೊದಲು ಬಿಡಿಸಬೇಕೆಂದು ನಿನಗನಿಸುತ್ತದೆ, ನನಗೂ ಅನಿಸಿತ್ತು. ಆದರೆ ಒಂದೂವರೆ ಲಕ್ಷದ ಒಡವೆ ಸಾಲಕ್ಕೆ ವರ್ಷಕ್ಕೆ 15,000 ಬಡ್ಡಿ. ಒಂದು ಲಕ್ಷದ ಕೈಸಾಲಕ್ಕೆ 36,000. ಒಡವೆ ಬ್ಯಾಂಕಿನಲ್ಲಿ ಭದ್ರವಾಗಿದೆ. ಗಡುವಿನೊಳಗೆ ಬಡ್ಡಿ ಕಟ್ಟಿ ನವೀಕರಿಸುತ್ತಿದ್ದರೆ ಹರಾಜಿನ ನೋಟಿಸು ಬರುವುದಿಲ್ಲ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ನಿಮ್ಮವ್ವನಿಗೆ ಈ ಲೆಕ್ಕ ತೋರಿಸು, ಅವಳು ನಮ್ಮೆಲ್ಲರಿಗಿಂತ ಜಾಣೆ.

ಸೊಸೈಟಿಯ ಬೆಳೆಸಾಲವನ್ನು ಮಾತ್ರ ಅವಸರದಿಂದ ತೀರಿಸುವುದು ಬೇಡ. ಸಹಕಾರಿ ಸಂಘಗಳ ಮೂಲಕ ರಾಜ್ಯ ಸರ್ಕಾರ ಕೊಡಿಸುವ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಗಡುವಿನೊಳಗೆ ಕಟ್ಟಿದರಷ್ಟೇ ಆ ಶೂನ್ಯ. ತಪ್ಪಿದರೆ ಬಡ್ಡಿ ಬೀಳುತ್ತದೆ. ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು, ರೈತ ಸಾಹುಕಾರನ ಬಡ್ಡಿಯಿಂದ ಪಾರಾಗಲೆಂದೇ. ಅವರು ಹಾಕಿಕೊಟ್ಟ ದಾರಿ ಬಳಕೆಯಲ್ಲಿರುವಾಗ ನೂರಕ್ಕೆ ಮೂರರ ಬಾಗಿಲಿಗೆ ನಮ್ಮವರು ಇನ್ನೊಮ್ಮೆ ಹೋಗಬಾರದು.

ಬೆಳೆಸಾಲ ಬಿಟ್ಟು ಉಳಿದದ್ದೆಲ್ಲ ಕೂಡಿದರೆ 3,70,000 ಆಗುತ್ತದೆ. ಬಡ್ಡಿ ಸೇರಿಸಿದರೂ ನಿಮ್ಮ 32,000ದ ಕಂತಿಗೆ ಒಂದು ವರ್ಷ, ಹೆಚ್ಚೆಂದರೆ ಮೇಲೊಂದೆರಡು ತಿಂಗಳು. ಇಷ್ಟು ವರ್ಷ ಕಟ್ಟಿದವರಿಗೆ ಇದು ದೂರದ ದಾರಿಯಲ್ಲ. ಆದರೆ ಅಳಿಯಂದಿರ ಜೊತೆ ಕೂತು ಮಾತಾಡಿ, ಅವರು ಮನಸಾರೆ ಒಪ್ಪಿದ ಮೇಲೆಯೇ ಮಾಡು. ಆ ಕಂತಿನಲ್ಲಿ ಅವರ ಬೆವರೂ ಇದೆ. ಅವರ ತಂದೆತಾಯಿಯ ಕಡೆ ಇಂಥದೇ ಹೊರೆ ಇದ್ದರೆ ಅದೂ ಇದೇ ಹಾಳೆಯ ಮೇಲೆ ಬರಲಿ. ನಿನ್ನ ತಮ್ಮನೂ ಸುಮ್ಮನೆ ಕೂರಬಾರದು. ಕಾರ್ಡನ್ನು ಮುಚ್ಚಿಸಿ, ತಿಂಗಳಿಗೆ ಎರಡು ಸಾವಿರವಾದರೂ ಅವನೂ ಹಾಕಲಿ. ತಾನು ಕಟ್ಟದ ಸಾಲದ ಭಾರ ಯಾರಿಗೂ ತಿಳಿಯುವುದಿಲ್ಲ.

ಇನ್ನು ನೀನು ಗಟ್ಟಿಯಾಗಿ ‘ಇಲ್ಲ’ ಅನ್ನಬೇಕಾದ ಜಾಗಗಳು. ಸಾಲ ತೀರಿಸಿದ ಗಿರಾಕಿಯೆಂದು ನಿನಗೀಗ ದಿನಾ ಫೋನು ಬರುತ್ತವೆ: ಮನೆಯ ಮೇಲೆ ಸಾಲ, ಕಾರಿಗೆ ಸಾಲ, ಐದು ನಿಮಿಷದಲ್ಲಿ ಖಾತೆಗೆ ಹಣ. ಮಕ್ಕಳ ಮೇಲಿನ ಸೂರನ್ನು ಯಾರ ವ್ಯಾಪಾರಕ್ಕೂ, ಯಾರ ಮದುವೆಗೂ ಮತ್ತೆ ಅಡವಿಡಬೇಡ, ಕೇಳುವವನು ನಾನೇ ಆಗಿದ್ದರೂ. ಜಾಮೀನು ಸಹಿಯೂ ಹಾಗೆಯೇ. ‘ಬರೀ ಸಹಿ ಹಾಕು, ಕಟ್ಟುವವನು ನಾನು’ ಎಂದು ಬಂಧುಗಳು ಹೇಳುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮು ಸ್ಪಷ್ಟವಾಗಿದೆ: ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟು. ಸಾಲಗಾರ ಊರು ಬಿಟ್ಟಾಗ ಜಾಮೀನುದಾರನಿಗೆ ನೋಟಿಸು ಬರೆದವನು ನಾನೇ. ಆ ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಂತದ್ದನ್ನೂ ಕಂಡಿದ್ದೇನೆ. ಬಂಧುಗಳಿಗೆ ನೆರವಾಗಬೇಕೆನಿಸಿದರೆ, ವಾಪಸು ಬರದಿದ್ದರೂ ಮನಸ್ಸು ಕೆಡದಷ್ಟು ಹಣವನ್ನು ನೇರ ಕೈಗೆ ಕೊಡು.

ನಿಮ್ಮಪ್ಪ ಒಂದು ಸಲ ನನ್ನೆದುರು, ‘ನನ್ನ ಸಾಲ ನನ್ನ ಮಗನ ತಲೆಗೆ ಬರುತ್ತದೆ’ ಎಂದು ಕಣ್ಣೀರು ಹಾಕಿದ್ದ. ಅವನಿಗೆ ಧೈರ್ಯ ಹೇಳು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಒಂದೇ ಕಾರಣಕ್ಕೆ ಮಗನಿಂದ ವಸೂಲಿ ಮಾಡುವಂತಿಲ್ಲ ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯೇ ಹೇಳಿತು; ಅದಕ್ಕಿಂತ ಈಚಿನ ಸಾಲಗಳಿಗೆ ಅದು ಅನ್ವಯ. ತಂದೆ ಬಿಟ್ಟುಹೋದ ಆಸ್ತಿ ಎಷ್ಟೋ ಅಷ್ಟರಮಟ್ಟಿಗೆ ಮಾತ್ರ ಹೊಣೆ. ನೀವು ಈಗ ಕಟ್ಟುವುದು ಅಪ್ಪ ಇರುವಾಗಲೇ ಅವನ ಮನಸ್ಸು ಹಗುರವಾಗಲೆಂಬ ಪ್ರೀತಿಯಿಂದ. ಅದು ಅವನಿಗೆ ತಿಳಿಯಲಿ.

ಸಾಲಗಳೆಲ್ಲ ತೀರಿದ ಮೇಲೂ ಕಂತು ನಡೆಯಲಿ. ಆಗ ಅದು ಆಪತ್ತಿನ ಗಂಟು. ಆರು ತಿಂಗಳ ಮನೆಖರ್ಚಾಗುವಷ್ಟು ಹಣ ಬ್ಯಾಂಕಿನಲ್ಲಿ ಸೇರಲಿ. ನಿಮ್ಮಪ್ಪ, ಅವ್ವನ ಆರೋಗ್ಯ ವಿಮೆಗೆ ಮಾತ್ರ ಆ ಗಂಟಿಗೂ ಕಾಯಬೇಡ. ಆ ವಿಮೆ ಇದ್ದಿದ್ದರೆ ಮೇಲಿನ ಪಟ್ಟಿಯ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಹೆಚ್ಚು ಬಡ್ಡಿಯ ಆಸೆಗೆ ಪತ್ತಿನ ಸಂಘಗಳಲ್ಲಿ ಠೇವಣಿ ಇಡುವ ಮೊದಲು ಒಂದು ಸಂಗತಿ ತಿಳಿದಿರಲಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಂಘಗಳಿಗೆ ಆ ರಕ್ಷಣೆ ಇಲ್ಲ. ಸಂಘದಲ್ಲೇ ಬದುಕು ಕಳೆದವನು ನಾನು, ಒಳ್ಳೆಯ ಸಂಘಗಳ ಮೇಲೆ ಅಭಿಮಾನವಿದೆ. ಆದರೂ ಆಪತ್ತಿನ ಹಣ ವಿಮೆ ಇದ್ದಲ್ಲೇ ಇರಬೇಕು.

ಮನೆ ಕಟ್ಟಿಸಿದ್ದು ಕಂತು. ಅದೇ ಕಂತು ಇನ್ನೊಂದು ವರ್ಷದಲ್ಲಿ ನಿಮ್ಮಪ್ಪನಿಗೆ ನೆಮ್ಮದಿಯ ನಿದ್ದೆ ಕೊಡುತ್ತದೆ, ಆಮೇಲೆ ನಿಮ್ಮ ಮಕ್ಕಳು ಯಾರೆದುರೂ ಕೈಯೊಡ್ಡದಂತೆ ಮಾಡುತ್ತದೆ. ದೀಪಾವಳಿಗೆ ಎಲ್ಲರೂ ಬನ್ನಿ. ಪಾಡ್ಯದ ದಿನ ಊಟವಾದ ಮೇಲೆ ಕೂತು ಪಟ್ಟಿ ಬರೆಯೋಣ. ನಿನ್ನ ತಮ್ಮ ಬರೆಯಲಿ, ನಿಮ್ಮಪ್ಪ ಹೇಳಲಿ, ಲೆಕ್ಕ ನಾನು ನೋಡುತ್ತೇನೆ. ಅಷ್ಟರೊಳಗೆ ಬ್ಯಾಂಕಿನಿಂದ ಮನೆಯ ಪತ್ರಗಳನ್ನು ಬಿಡಿಸಿಕೊಂಡು, ಆದದ್ದನ್ನು ನನಗೆ ತಿಳಿಸು.

ಅಳಿಯಂದಿರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ