ನಾಡಿ ನಿಧಾನವೇ? ಪೇಸ್‌ಮೇಕರ್ ಬೇಕೆಂದರೇ? ಮಾಡಬೇಕಾದ್ದು, ಮಾಡಬಾರದ್ದು

ಸುಮ್ಮನೆ ಕೂತಿದ್ದಾಗ ನಾಡಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಬಡಿದರೆ ಅದು ನಿಧಾನ ಬಡಿತ. ನಿದ್ದೆಯಲ್ಲಿ, ಕ್ರೀಡಾಪಟುಗಳಲ್ಲಿ ಇದು ಸಹಜ. ತಲೆಸುತ್ತು, ಕಣ್ಣು ಕತ್ತಲೆ, ಏದುಸಿರು, ವಿಪರೀತ ಸುಸ್ತು ಜೊತೆಗಿದ್ದರೆ ಸಹಜವಲ್ಲ. ಬಡಿತ ಕೆಲವೇ ಸೆಕೆಂಡು ನಿಂತರೂ ಪ್ರಜ್ಞೆ ತಪ್ಪುತ್ತದೆ. ಬೈಕಿನ ಮೇಲೋ ಅಡಿಕೆ ಮರದ ಮೇಲೋ ಹಾಗಾದರೆ ಪ್ರಾಣ ಹೋಗಬಹುದು. ಅದಕ್ಕೇ ಕೆಲವರಿಗೆ ಪೇಸ್‌ಮೇಕರ್, ಅಂದರೆ ಬಡಿತ ನಿಧಾನವಾದಾಗ ಹೃದಯವನ್ನು ಬಡಿಸುವ ಪುಟ್ಟ ಯಂತ್ರ, ಹಾಕಬೇಕಾಗುತ್ತದೆ.

ಮಾಡಬೇಕಾದ್ದು

*ಕುಸಿದು ಬಿದ್ದರೆ (ಮನೆಯವರಿಗೆ)*
- 108ಕ್ಕೆ ಕರೆ ಮಾಡಿ.
- ನೆಲದ ಮೇಲೆ ಅಂಗಾತ ಮಲಗಿಸಿ.
- ಉಸಿರಾಡುತ್ತಿದ್ದರೆ ಕಾಲುಗಳನ್ನು ಎತ್ತಿ ಹಿಡಿಯಿರಿ.
- ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತಿ.

*ತೀರ್ಮಾನಕ್ಕೆ ಮೊದಲು*
- ಐದು ನಿಮಿಷ ಕೂತ ಮೇಲೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ.
- ಅಂಕಿ, ಹೊತ್ತು, ಆದ ತೊಂದರೆ ಬರೆದಿಡಿ.
- ತೊಂದರೆ ಇರುವಾಗಲೇ ಇಸಿಜಿ ಮಾಡಿಸಿ.
- ಇಸಿಜಿಯಲ್ಲಿ ಏನೂ ಸಿಗದಿದ್ದರೆ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಬೇಕೇ ಎಂದು ಕೇಳಿ.
- ಥೈರಾಯ್ಡ್, ಪೊಟ್ಯಾಸಿಯಂ ಬಗ್ಗೆ ರಕ್ತಪರೀಕ್ಷೆ ಮಾಡಿಸಿ.
- ನುಂಗುವ ಮಾತ್ರೆ, ಕಣ್ಣಿನ ಹನಿ ಎಲ್ಲವನ್ನೂ ವೈದ್ಯರ ಮುಂದಿಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಟಿಮೊಲಾಲ್ ಹನಿ ನಾಡಿ ಇಳಿಸುತ್ತವೆ.
- ‘ಬ್ಲಾಕ್’ ಎಂದರೆ ರಕ್ತನಾಳದ್ದೋ, ಹೃದಯದ ವಿದ್ಯುತ್ ಹಾದಿಯದ್ದೋ ಕೇಳಿ. ಎರಡನೆಯದಕ್ಕೆ ಸ್ಟೆಂಟ್ ಪರಿಹಾರವಲ್ಲ.
- ಬಿಪಿಎಲ್ ಕಾರ್ಡಿದ್ದರೆ ಸರ್ಕಾರಿ ಯೋಜನೆಯ ನೆರವಿಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕಾಣಿ.

*ಹಾಕಿಸಿಕೊಂಡ ಮೇಲೆ*
- ಪೇಸ್‌ಮೇಕರ್ ಕಾರ್ಡ್ ಸದಾ ಜೊತೆಗಿಡಿ.
- ಮೊಬೈಲನ್ನು ಪೇಸ್‌ಮೇಕರ್ ಇಲ್ಲದ ಬದಿಯ ಕಿವಿಗೆ ಹಿಡಿಯಿರಿ.
- ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ.
- ಹೊಲಿಗೆ ಕೆಂಪಾದರೆ, ಕೀವಾದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.
- ಹೇಳಿದ ದಿನ ತಪಾಸಣೆಗೆ ಹೋಗಿ. ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತದೆ, ಆಮೇಲೆ ಬದಲಿಸಲೇಬೇಕು.

ಮಾಡಬಾರದ್ದು

*ಕುಸಿದು ಬಿದ್ದರೆ (ಮನೆಯವರಿಗೆ)*
- ಬಾಯಿಗೆ ನೀರು, ಕಾಫಿ ಹಾಕಬಾರದು.
- ಎತ್ತಿ ಕೂರಿಸಬಾರದು.
- ಕೈಗೆ ಕಬ್ಬಿಣ ಕೊಟ್ಟು ಕಾಯುವುದು ಬೇಡ.
- ಎದ್ದು ಮಾತಾಡಿದರೆಂದು ಆಸ್ಪತ್ರೆ ತಪ್ಪಿಸುವುದು ಬೇಡ.

*ತೀರ್ಮಾನಕ್ಕೆ ಮೊದಲು*
- ಕಾರಣ ತಿಳಿಯುವವರೆಗೆ ಬೈಕ್, ಕಾರು, ಟ್ರ್ಯಾಕ್ಟರ್ ಓಡಿಸುವುದು ಬೇಡ.
- ಮರ, ಏಣಿ ಹತ್ತುವುದು ಬೇಡ.
- ಬಾವಿಗೆ, ಕೆರೆಗೆ ಇಳಿಯುವುದು ಬೇಡ.
- ಬಚ್ಚಲುಮನೆಗೆ ಒಳಗಿನಿಂದ ಚಿಲಕ ಬೇಡ.
- ವೈದ್ಯರನ್ನು ಕೇಳದೆ ಬಿಪಿ ಮಾತ್ರೆ ನಿಲ್ಲಿಸಬಾರದು.
- ವಾಚ್ ತೋರಿಸಿದ ಅಂಕಿಯೊಂದನ್ನೇ ನಂಬಿ ತೀರ್ಮಾನ ಮಾಡಬಾರದು.
- ತೊಂದರೆಯಿಲ್ಲ, ಇಸಿಜಿಯೂ ಸರಿ ಎಂದಾದರೆ 50ರ ಅಂಕಿಗೆ ಹೆದರಿ ಪೇಸ್‌ಮೇಕರ್ ಬೇಡ.
- ಪೂರ್ತಿ ಹಾರ್ಟ್ ಬ್ಲಾಕ್ (ವಿದ್ಯುತ್ ಹಾದಿ ಪೂರ್ತಿ ಕಡಿದಿದೆ) ಎಂದ ಮೇಲೆ ಮದುವೆ, ಕೊಯ್ಲು ಮುಗಿಯಲೆಂದು ಪೇಸ್‌ಮೇಕರ್ ಹಾಕಿಸುವುದನ್ನು ಮುಂದೂಡಬಾರದು.

*ಹಾಕಿಸಿಕೊಂಡ ಮೇಲೆ*
- ವೈದ್ಯರು ಸರಿ ಎನ್ನುವವರೆಗೆ ಪೇಸ್‌ಮೇಕರ್ ಇರುವ ಬದಿಯ ತೋಳನ್ನು ಭುಜಕ್ಕಿಂತ ಮೇಲೆತ್ತಬಾರದು. ಪೇಸ್‌ಮೇಕರ್‌ನ ತಂತಿ ಜರುಗಬಹುದು.
- ಅಲ್ಲಿಯವರೆಗೆ ಆ ಕೈಯಲ್ಲಿ ಕೊಡ, ಚೀಲ ಎತ್ತುವುದು ಬೇಡ.
- ಎದೆ ಜೇಬಿನಲ್ಲಿ ಮೊಬೈಲ್ ಬೇಡ.
- ಮೆಟಲ್ ಡಿಟೆಕ್ಟರ್ ಬಾಗಿಲಲ್ಲಿ ನಿಲ್ಲಬಾರದು.
- ಪೇಸ್‌ಮೇಕರ್ ಇದೆಯೆಂದು ಹೇಳದೆ ಎಂಆರ್‌ಐ ಕೋಣೆಗೆ ಹೋಗಬಾರದು.
- ವೈದ್ಯರನ್ನು ಕೇಳದೆ ವೆಲ್ಡಿಂಗ್ ಮಾಡಬಾರದು.
- ಸತ್ತ ಮೇಲೆ ಪೇಸ್‌ಮೇಕರ್ ತೆಗೆಸದೆ ದಹನ ಮಾಡಬಾರದು. ಬೆಂಕಿಯಲ್ಲಿ ಅದು ಸಿಡಿಯುತ್ತದೆ. ಮನೆಯವರಿಗೆ ಈಗಲೇ ಹೇಳಿಡಿ.